ಎಂಟು ಗುಂಡುಗಳ ಲೆಕ್ಕ: ರಾಬರ್ಟ್ ಕೆನಡಿ ಹತ್ಯೆ ಮತ್ತು ಮುಗಿಯದ ಸಂಶಯ

2025ರ ಏಪ್ರಿಲ್ 18ರಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಸೆನೆಟರ್ ರಾಬರ್ಟ್ ಎಫ್. ಕೆನಡಿಯವರ ಹತ್ಯೆಗೆ ಸಂಬಂಧಿಸಿದ ಸುಮಾರು 10,000 ಪುಟಗಳ ದಾಖಲೆಗಳನ್ನು ಬಹಿರಂಗಪಡಿಸಿತು. ಅದೇ ವರ್ಷ ಇನ್ನಷ್ಟು ಕಂತುಗಳು ಹೊರಬಂದವು. ಐವತ್ತೇಳು ವರ್ಷಗಳ ಹಿಂದಿನ ಕೊಲೆಯೊಂದರ ಸತ್ಯ ಇನ್ನೇನು ಹೊರಬಿತ್ತು ಎಂದು ಅನೇಕರು ನಿರೀಕ್ಷಿಸಿದ್ದರು. ಆದರೆ ಹಳೆಯ ಪ್ರಶ್ನೆ ಹಳೆಯ ಜಾಗದಲ್ಲೇ ಉಳಿಯಿತು. ಆ ರಾತ್ರಿ ಎಷ್ಟು ಗುಂಡುಗಳು ಹಾರಿದವು? ಅವೆಲ್ಲವೂ ಒಂದೇ ಕೈಯಿಂದ ಹಾರಿದವೇ?

ಈ ಪ್ರಶ್ನೆ ನಮ್ಮ ಓದುಗರಿಗೆ ದೂರದ್ದೆಂದು ತೋರಬಹುದು. ಆದರೆ ಹಿರಿಯರ ಪೈಕಿ ಹಲವರಿಗೆ ಕೆನಡಿ ಸಹೋದರರ ಹೆಸರು ಚೆನ್ನಾಗಿ ಗೊತ್ತು. ಅಣ್ಣ ಜಾನ್ ಕೆನಡಿ ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷರು, 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಹತರಾದರು. ಐದು ವರ್ಷ ತುಂಬುವ ಮೊದಲೇ ತಮ್ಮನಿಗೂ ಅದೇ ಗತಿಯಾಯಿತು. ಇತ್ತೀಚೆಗೆ ಮೊಬೈಲ್ ಫೋನುಗಳಲ್ಲಿ ಈ ಕುರಿತು ಬಗೆಬಗೆಯ ಸಂದೇಶಗಳು ಹರಿದಾಡುತ್ತಿವೆ. ಎಲ್ಲವೂ ರುಜುವಾತಾಗಿದೆ ಎನ್ನುವವರು ಒಂದು ಕಡೆ, ಎಲ್ಲವೂ ಪಿತೂರಿ ಎನ್ನುವವರು ಇನ್ನೊಂದು ಕಡೆ. ಎರಡೂ ನಿಜವಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ರಾತ್ರಿ ನಡೆದದ್ದೇನು?

1968ರ ಜೂನ್ 4ರಂದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆ ನಡೆಯಿತು. ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ರಾಬರ್ಟ್ ಕೆನಡಿ ಗೆದ್ದರು. ಆಗ ಅವರಿಗೆ 42 ವರ್ಷ. ಬಡವರು, ಕರಿಯರು, ತೋಟದ ಕೂಲಿಗಳು ಅವರನ್ನು ತಮ್ಮವರೆಂದು ನಂಬಿದ್ದರು. ಅದೇ ವರ್ಷದ ಮಾರ್ಚ್ 10ರಂದು ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಸ್ 25 ದಿನಗಳ ಉಪವಾಸ ಮುಗಿಸಿದಾಗ ಕೆನಡಿ ಡೆಲಾನೋ ಊರಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಿದ್ದರು.

ಲಾಸ್ ಏಂಜಲಿಸ್ ನಗರದ ಅಂಬಾಸಡರ್ ಹೋಟೆಲಿನಲ್ಲಿ ವಿಜಯದ ಭಾಷಣ ಮುಗಿಸಿದ ಕೆನಡಿಯವರನ್ನು ಅಡುಗೆಮನೆಯ ಪಕ್ಕದ ಕಿರಿದಾದ ಉಗ್ರಾಣದ ದಾರಿಯಿಂದ ಕರೆದೊಯ್ಯಲಾಯಿತು. ಮಧ್ಯರಾತ್ರಿ ಕಳೆದು ಸುಮಾರು ಕಾಲು ಗಂಟೆಯಾಗಿತ್ತು. ಹೋಟೆಲಿನ ಕೆಲಸಗಾರರ ಕೈ ಕುಲುಕುತ್ತಾ ಅವರು ಸಾಗುತ್ತಿದ್ದಾಗ ಸಿರ್ಹಾನ್ ಬಿಶಾರಾ ಸಿರ್ಹಾನ್ ಎಂಬ 24ರ ಯುವಕ ರಿವಾಲ್ವರ್ ಹಿಡಿದು ಗುಂಡು ಹಾರಿಸಿದ. ಅವನು ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿಯನ್, ಕ್ರೈಸ್ತ ಕುಟುಂಬದವನು. ಕೆನಡಿ ಇಸ್ರೇಲಿಗೆ ಬೆಂಬಲ ನೀಡಿದ್ದು ಅವನ ಸಿಟ್ಟಿಗೆ ಕಾರಣವೆಂದು ಹೇಳಲಾಯಿತು. ಸುತ್ತಲಿದ್ದವರು ಅವನ ಮೇಲೆ ಬಿದ್ದು ಹಿಡಿದರೂ ರಿವಾಲ್ವರಿನ ಗುಂಡುಗಳು ಮುಗಿಯುವವರೆಗೆ ಅವನು ಕುದುರೆ ಎಳೆಯುತ್ತಲೇ ಇದ್ದ.

ನೆಲಕ್ಕೆ ಬಿದ್ದ ಕೆನಡಿಯವರ ತಲೆಯ ಕೆಳಗೆ ಕೈಯಿಟ್ಟು ಕುಳಿತವನು ಹ್ವಾನ್ ರೊಮೆರೊ ಎಂಬ 17 ವರ್ಷದ ಹೋಟೆಲ್ ಹುಡುಗ. ತನ್ನ ಜೇಬಿನಲ್ಲಿದ್ದ ಜಪಸರವನ್ನು ಅವನು ಅವರ ಕೈಗೆ ಸುತ್ತಿದ. ಆ ಚಿತ್ರವನ್ನು ಲೋಕವೆಲ್ಲ ನೋಡಿತು. ಜೂನ್ 6ರ ನಸುಕಿನಲ್ಲಿ ಕೆನಡಿ ಕೊನೆಯುಸಿರೆಳೆದರು. ಅವರ ಜೊತೆಗೆ ಇನ್ನೂ ಐದು ಮಂದಿಗೆ ಗುಂಡು ತಗಲಿತ್ತು. ಆ ಐವರೂ ಬದುಕುಳಿದರು.

ಸಿರ್ಹಾನ್ ಗುಂಡು ಹಾರಿಸಿದ ಎಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ. ಹತ್ತಾರು ಜನರ ಕಣ್ಣೆದುರೇ ಅವನು ಸಿಕ್ಕಿಬಿದ್ದ. ಕೆನಡಿ ಸಾಯಲೇಬೇಕು ಎಂಬ ಅರ್ಥದ ಮಾತುಗಳು ಅವನ ಟಿಪ್ಪಣಿ ಪುಸ್ತಕದಲ್ಲಿ ಮತ್ತೆ ಮತ್ತೆ ಬರೆದಿದ್ದವು. ಇಷ್ಟು ಸ್ಪಷ್ಟವಾಗಿದ್ದ ಪ್ರಕರಣದಲ್ಲಿ ಸಂಶಯ ಹುಟ್ಟಿದ್ದು ಹೇಗೆ?

ಮೊದಲ ತೊಡಕು: ದೂರದ ಪ್ರಶ್ನೆ

ಶವಪರೀಕ್ಷೆ ನಡೆಸಿದವರು ಲಾಸ್ ಏಂಜಲಿಸ್ ಜಿಲ್ಲೆಯ ಮರಣಾಧಿಕಾರಿ ಡಾ. ಥಾಮಸ್ ನೊಗುಚಿ. ಕೆನಡಿಯವರ ದೇಹಕ್ಕೆ ಮೂರು ಗುಂಡುಗಳು ಹೊಕ್ಕಿದ್ದವು, ನಾಲ್ಕನೆಯದು ಕೋಟಿನ ಭುಜದ ಭಾಗವನ್ನು ಹಾದು ಹೋಗಿತ್ತು. ಪ್ರಾಣ ತೆಗೆದ ಗುಂಡು ಬಲಗಿವಿಯ ಹಿಂದೆ ಹೊಕ್ಕಿತ್ತು. ಉಳಿದೆರಡು ಬಲ ಕಂಕುಳಿನ ಹಿಂಬದಿಯಿಂದ ಹೊಕ್ಕಿದ್ದವು. ಎಲ್ಲವೂ ಹಿಂದಿನಿಂದ ಮುಂದಕ್ಕೆ ಸಾಗಿದವು.

ಕಿವಿಯ ಬಳಿ ಮದ್ದಿನ ಪುಡಿಯ ಗುರುತುಗಳಿದ್ದವು. ಬಂದೂಕಿನ ಬಾಯಿ ಬಹಳ ಸಮೀಪದಲ್ಲಿದ್ದರೆ ಮಾತ್ರ ಅಂಥ ಗುರುತು ಬೀಳುತ್ತದೆ. ಡಾ. ನೊಗುಚಿಯವರು ಹಂದಿಯ ಕಿವಿಗಳನ್ನು ಗುರಿಯಾಗಿಟ್ಟು ಬೇರೆ ಬೇರೆ ದೂರದಿಂದ ಗುಂಡು ಹಾರಿಸುವ ಪರೀಕ್ಷೆಯನ್ನೂ ಮಾಡಿಸಿದರು. ಪ್ರಾಣ ತೆಗೆದ ಗುಂಡು ಕಿವಿಯಿಂದ ಸುಮಾರು ಒಂದು ಇಂಚು ದೂರದಿಂದ ಹಾರಿತ್ತು ಎಂಬ ತೀರ್ಮಾನಕ್ಕೆ ಅವರು ಬಂದರು.

ಆದರೆ ಪ್ರತ್ಯಕ್ಷ ಸಾಕ್ಷಿಗಳು ಹೇಳಿದ್ದು ಬೇರೆ. ಸಿರ್ಹಾನ್ ಕೆನಡಿಯವರ ಮುಂಭಾಗದಲ್ಲಿದ್ದ, ಅವನ ರಿವಾಲ್ವರ್ ಅಡಿಗಟ್ಟಲೆ ದೂರದಲ್ಲಿತ್ತು ಎಂದು ಹಲವರು ನುಡಿದರು. ಕೆನಡಿಯವರ ಕೈಹಿಡಿದು ದಾರಿ ತೋರಿಸುತ್ತಿದ್ದ ಹೋಟೆಲಿನ ಮೇಲ್ವಿಚಾರಕ ಕಾರ್ಲ್ ಉಕ್ಕರ್ ಎರಡು ಗುಂಡು ಹಾರಿದೊಡನೆ ಸಿರ್ಹಾನನ ಕೈಯನ್ನು ಹಿಡಿದು ಮೇಜಿಗೆ ಒತ್ತಿದ್ದಾಗಿ ಹೇಳಿದರು. ಹಾಗಾದರೆ ಹಿಂದಿನಿಂದ, ಒಂದು ಇಂಚು ದೂರದಿಂದ, ಕೆನಡಿಯವರತ್ತ ನಾಲ್ಕು ಗುಂಡು ಹೋದದ್ದು ಹೇಗೆ?

ಅಧಿಕಾರಿಗಳ ಉತ್ತರವನ್ನೂ ನಾವು ಹೇಳಬೇಕು. ಕೆನಡಿ ಆ ಕ್ಷಣದಲ್ಲಿ ಕೈ ಕುಲುಕಲು ಎಡಕ್ಕೆ ತಿರುಗಿದ್ದರು, ಹಾಗಾಗಿ ಅವರ ಬಲಬದಿ ಹಂತಕನ ಕಡೆಗಿತ್ತು. ಗುಂಪು ನೂಕುತ್ತಿತ್ತು. ಮೊದಲ ಗುಂಡು ಹಾರುವಾಗ ಬಂದೂಕನ್ನೇ ನೋಡುತ್ತಿದ್ದವರು ಕಡಿಮೆ. ಭಯದ ಗಳಿಗೆಯಲ್ಲಿ ದೂರವನ್ನು ಸರಿಯಾಗಿ ಅಳೆಯುವ ಮನುಷ್ಯ ಯಾರಿದ್ದಾನೆ? ಇದು ತಳ್ಳಿಹಾಕುವ ಉತ್ತರವಲ್ಲ. ಸಾಕ್ಷಿಗಳ ಕಣ್ಣು ತಪ್ಪಬಹುದು ಎಂಬುದನ್ನು ಎಲ್ಲ ನ್ಯಾಯಾಲಯಗಳೂ ಬಲ್ಲವು.

ಎರಡನೆಯ ತೊಡಕು: ಲೆಕ್ಕ

ಸಿರ್ಹಾನನ ಕೈಯಲ್ಲಿದ್ದದ್ದು ಐವರ್ ಜಾನ್ಸನ್ ಕಂಪೆನಿಯ ಪಾಯಿಂಟ್ 22 ಕ್ಯಾಲಿಬರಿನ ಚಿಕ್ಕ ರಿವಾಲ್ವರ್. ಅದರಲ್ಲಿ ಹಿಡಿಯುವುದು ಎಂಟೇ ಗುಂಡು. ಮತ್ತೆ ತುಂಬಿಸಲು ಅವನಿಗೆ ಸಮಯವೇ ಇರಲಿಲ್ಲ. ಆದ್ದರಿಂದ ಒಂಬತ್ತನೆಯ ಗುಂಡು ಎಲ್ಲಿಯಾದರೂ ಇದ್ದರೆ ಎರಡನೆಯ ಬಂದೂಕು ಇರಲೇಬೇಕು. ಇಡೀ ವಿವಾದ ನಿಂತಿರುವುದು ಈ ಸರಳ ಲೆಕ್ಕದ ಮೇಲೆ.

ಪೊಲೀಸರು ಎಂಟು ಗುಂಡುಗಳಿಗೆ ಲೆಕ್ಕ ಒಪ್ಪಿಸಿದರು. ಏಳು ಗುಂಡುಗಳು ಗಾಯಾಳುಗಳ ದೇಹದಿಂದ ಸಿಕ್ಕವು, ಒಂದು ಚಾವಣಿಯ ಮೇಲಿನ ಖಾಲಿ ಜಾಗದಲ್ಲಿ ಕಳೆದುಹೋಯಿತು. ಕೆನಡಿಯವರ ಕೋಟನ್ನು ಹಾದುಹೋದ ಗುಂಡೇ ಕಾರ್ಮಿಕ ನಾಯಕ ಪಾಲ್ ಶ್ರೇಡ್ ಅವರ ತಲೆಗೆ ತಗಲಿತು, ಚಾವಣಿಗೆ ಬಡಿದು ಹಿಂದಿರುಗಿದ ಗುಂಡು ಇನ್ನೊಬ್ಬ ಮಹಿಳೆಗೆ ತಗಲಿತು ಎಂದು ವಿವರಿಸಲಾಯಿತು. ಲೆಕ್ಕ ಕೂಡುತ್ತದೆ. ಆದರೆ ಒಂದು ಗುಂಡಿಗೂ ಜಾಗ ಉಳಿಯದಷ್ಟು ಬಿಗಿಯಾಗಿ ಕೂಡುತ್ತದೆ.

ಆ ಉಗ್ರಾಣದ ಬಾಗಿಲ ಚೌಕಟ್ಟಿನಲ್ಲಿ ತೂತುಗಳಿದ್ದವು. ಪೊಲೀಸರು ಅವುಗಳತ್ತ ಬೆರಳು ತೋರಿಸುತ್ತಿರುವ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂತು. ಎಫ್‌ಬಿಐ ತೆಗೆದ ಚಿತ್ರಗಳ ಅಡಿಬರಹದಲ್ಲಿ ಅವನ್ನು ಗುಂಡಿನ ತೂತುಗಳೆಂದೇ ಬರೆಯಲಾಗಿತ್ತು. ಅವು ಗುಂಡಿನ ತೂತುಗಳಲ್ಲ, ಅಲ್ಲಿಂದ ಯಾವ ಗುಂಡೂ ಸಿಗಲಿಲ್ಲ ಎಂದು ಲಾಸ್ ಏಂಜಲಿಸ್ ಪೊಲೀಸರು ವಾದಿಸಿದರು. ಇರಬಹುದು. ಆ ಮರವನ್ನು ಇನ್ನೊಮ್ಮೆ ಪರೀಕ್ಷಿಸಿದ್ದರೆ ವಿವಾದ ಅಂದೇ ಮುಗಿಯುತ್ತಿತ್ತು.

ಪರೀಕ್ಷಿಸಲು ಆಗಲಿಲ್ಲ, ಏಕೆಂದರೆ ಮರವೇ ಉಳಿದಿರಲಿಲ್ಲ. ಬಾಗಿಲ ಚೌಕಟ್ಟುಗಳನ್ನೂ ಚಾವಣಿಯ ಹಲಗೆಗಳನ್ನೂ ಪೊಲೀಸ್ ಇಲಾಖೆಯೇ 1969ರಲ್ಲಿ ನಾಶಪಡಿಸಿತ್ತು. ಸಿರ್ಹಾನನಿಗೆ ಶಿಕ್ಷೆಯಾಗಿ ಕೆಲವೇ ವಾರಗಳಾಗಿದ್ದವು, ಮೇಲ್ಮನವಿಯ ವಿಚಾರಣೆ ಇನ್ನೂ ಬಾಕಿಯಿತ್ತು. ಈ ಸಂಗತಿ ಸಾರ್ವಜನಿಕರಿಗೆ ತಿಳಿದದ್ದು ವರ್ಷಗಳ ಬಳಿಕ. ಇಡಲು ಜಾಗವಿರಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಇದಲ್ಲದೆ 1968ರ ಆಗಸ್ಟ್ ತಿಂಗಳಲ್ಲೇ, ವಿಚಾರಣೆ ಆರಂಭವಾಗುವ ಮೊದಲೇ, ತನಿಖೆಗೆ ಸೇರಿದ 2,400ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಸುಡಲಾಗಿತ್ತು ಎಂಬುದು 1988ರಲ್ಲಿ ಪೊಲೀಸ್ ಕಡತಗಳು ತೆರೆದ ಮೇಲೆ ಗೊತ್ತಾಯಿತು.

ಮೂರನೆಯ ತೊಡಕು: ಗುಂಡಿನ ಮೈಮೇಲಿನ ಗೆರೆಗಳು

ಬಂದೂಕಿನ ನಳಿಗೆಯ ಒಳಗೆ ಸುರುಳಿಯಾಕಾರದ ಗೆರೆಗಳಿರುತ್ತವೆ. ಗುಂಡು ತಿರುಗುತ್ತಾ ನೇರವಾಗಿ ಸಾಗಲೆಂದು ಅವನ್ನು ಕೊರೆಯುತ್ತಾರೆ. ಗುಂಡು ಹೊರಡುವಾಗ ಆ ಗೆರೆಗಳ ಅಚ್ಚು ಅದರ ಮೈಮೇಲೆ ಬೀಳುತ್ತದೆ. ಒಂದು ಮಾದರಿಯ ಎಲ್ಲ ಬಂದೂಕುಗಳಿಗೂ ಸಮಾನವಾದ ಗುರುತುಗಳು ಕೆಲವು, ಆ ಒಂದು ಬಂದೂಕಿಗೆ ಮಾತ್ರ ಸೇರಿದ ಸೂಕ್ಷ್ಮ ಗೀರುಗಳು ಕೆಲವು. ಸಂಶಯಿತ ಬಂದೂಕಿನಿಂದ ಪರೀಕ್ಷಾ ಗುಂಡು ಹಾರಿಸಿ, ಅದನ್ನೂ ದೇಹದಿಂದ ತೆಗೆದ ಗುಂಡನ್ನೂ ಸೂಕ್ಷ್ಮದರ್ಶಕದಡಿ ಅಕ್ಕಪಕ್ಕ ಇಟ್ಟು ತಜ್ಞರು ಹೋಲಿಸುತ್ತಾರೆ.

1969ರ ವಿಚಾರಣೆಯಲ್ಲಿ ಪೊಲೀಸ್ ಇಲಾಖೆಯ ತಜ್ಞ ಡಿವೇನ್ ವುಲ್ಫರ್ ಅವರು ಗುಂಡುಗಳು ಸಿರ್ಹಾನನ ರಿವಾಲ್ವರಿನಿಂದಲೇ ಹೊರಟವು ಎಂದು ಸಾಕ್ಷಿ ನುಡಿದರು. ಪ್ರತಿವಾದಿ ವಕೀಲರು ಇದನ್ನು ಪ್ರಶ್ನಿಸಲಿಲ್ಲ. ಕೊಂದವನು ಸಿರ್ಹಾನನೇ ಎಂದು ಒಪ್ಪಿಕೊಂಡು, ಆಗ ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ವಾದಿಸಿ ಅವನ ಜೀವ ಉಳಿಸುವುದು ಅವರ ತಂತ್ರವಾಗಿತ್ತು. ಹೀಗಾಗಿ ಬಂದೂಕಿನ ಸಾಕ್ಷ್ಯ ನ್ಯಾಯಾಲಯದಲ್ಲಿ ಒರೆಗೆ ಹಚ್ಚಲ್ಪಡಲೇ ಇಲ್ಲ. ಇಂದಿನವರೆಗೂ ನಡೆದಿರುವ ವಾದವಿವಾದದ ಮೂಲ ಇಲ್ಲಿದೆ.

ಆ ಮೇಲೆ ಒಂದೊಂದೇ ಕೊರತೆ ಹೊರಬಂತು. ಸಿರ್ಹಾನನ ರಿವಾಲ್ವರಿನ ಕ್ರಮಸಂಖ್ಯೆ ಎಚ್ 53725. ಆದರೆ ನ್ಯಾಯಾಲಯಕ್ಕೆ ಒಪ್ಪಿಸಿದ ಪರೀಕ್ಷಾ ಗುಂಡುಗಳ ಲಕೋಟೆಯ ಮೇಲೆ ಇದ್ದ ಸಂಖ್ಯೆ ಎಚ್ 18602. ಅದು ಬೇರೆ ಪರೀಕ್ಷೆಗಳಿಗೆಂದು ಪೊಲೀಸರು ಬಳಸಿದ ಅದೇ ಮಾದರಿಯ ಇನ್ನೊಂದು ರಿವಾಲ್ವರ್. ಬರೆಯುವಾಗ ಆದ ತಪ್ಪು ಎಂದು ಇಲಾಖೆ ಹೇಳಿತು. ಆ ಎರಡನೆಯ ರಿವಾಲ್ವರ್ ಕೂಡ ನಂತರ ನಾಶವಾಯಿತು, ತಪ್ಪನ್ನು ಪರಿಶೀಲಿಸುವ ದಾರಿಯೂ ಅದರೊಂದಿಗೆ ಮುಚ್ಚಿತು.

1970ರಲ್ಲಿ ಪಸಾಡಿನಾದ ಹಿರಿಯ ತಜ್ಞ ವಿಲಿಯಂ ಹಾರ್ಪರ್ ಗುಂಡುಗಳ ಚಿತ್ರ ತೆಗೆದು ಪರಿಶೀಲಿಸಿ, ಕೆನಡಿಯವರ ಕುತ್ತಿಗೆಯಿಂದ ತೆಗೆದ ಗುಂಡು ಮತ್ತು ಗಾಯಾಳು ದೂರದರ್ಶನ ನೌಕರನ ದೇಹದಿಂದ ತೆಗೆದ ಗುಂಡು ಒಂದೇ ಬಂದೂಕಿನವೆಂದು ತಮಗೆ ಕಾಣುವುದಿಲ್ಲ ಎಂದು ಪ್ರಮಾಣಪತ್ರ ಸಲ್ಲಿಸಿದರು. ಎರಡು ಬಂದೂಕುಗಳ ವಾದಕ್ಕೆ ಬಲ ಬಂದದ್ದು ಅಲ್ಲಿಂದ.

ಏಳು ತಜ್ಞರ ಉತ್ತರ

1975ರಲ್ಲಿ, ಸ್ವತಃ ಗುಂಡೇಟು ತಿಂದಿದ್ದ ಪಾಲ್ ಶ್ರೇಡ್ ಮತ್ತು ಇತರರ ಒತ್ತಾಯದ ಮೇರೆಗೆ ನ್ಯಾಯಾಧೀಶ ರಾಬರ್ಟ್ ವೆಂಕಿ ಅವರು ಏಳು ಸ್ವತಂತ್ರ ತಜ್ಞರ ಮಂಡಳಿಯಿಂದ ಮರುಪರೀಕ್ಷೆಗೆ ಆದೇಶಿಸಿದರು. ರಿವಾಲ್ವರನ್ನು ಮತ್ತೆ ಹಾರಿಸಲಾಯಿತು. ಅವರ ಉತ್ತರ ಎರಡು ಭಾಗದ್ದು. ಈ ವಿವಾದದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ತಮಗೆ ಬೇಕಾದ ಒಂದು ಭಾಗವನ್ನಷ್ಟೇ ಹೇಳುತ್ತಾರೆ.

ಒಂದು: ಎರಡನೆಯ ಬಂದೂಕು ಇತ್ತು ಎನ್ನಲು ಗುಂಡುಗಳಲ್ಲಿ ಯಾವ ಗಟ್ಟಿ ಆಧಾರವೂ ಇಲ್ಲ. ಹಾರ್ಪರ್ ಅವರ ವಾದಕ್ಕೆ ಬೆಂಬಲ ಸಿಗಲಿಲ್ಲ. ಎರಡು: ಆ ಗುಂಡುಗಳು ಸಿರ್ಹಾನನ ರಿವಾಲ್ವರಿನಿಂದಲೇ ಹೊರಟವು ಎಂದು ಖಚಿತವಾಗಿ ಹೇಳಲೂ ಸಾಧ್ಯವಿಲ್ಲ. ನಳಿಗೆಯಲ್ಲಿ ಸೀಸ ಮೆತ್ತಿಕೊಂಡಿತ್ತು, ಗುಂಡುಗಳು ಜಖಂಗೊಂಡಿದ್ದವು, ಹೋಲಿಸಲು ಸಾಕಷ್ಟು ಸೂಕ್ಷ್ಮ ಗೀರುಗಳು ಉಳಿದಿರಲಿಲ್ಲ. ತಲೆಗೆ ಹೊಕ್ಕು ಪ್ರಾಣ ತೆಗೆದ ಗುಂಡಂತೂ ಚೂರುಚೂರಾಗಿತ್ತು. ಅದನ್ನು ಯಾವ ಬಂದೂಕಿಗೂ ಹೊಂದಿಸುವಂತಿರಲಿಲ್ಲ.

ಅಂದರೆ, 1969ರಲ್ಲಿ ಒಬ್ಬ ತಜ್ಞರು ಖಚಿತವೆಂದು ಹೇಳಿದ್ದನ್ನು ಆರು ವರ್ಷಗಳ ಬಳಿಕ ಏಳು ತಜ್ಞರು ಖಚಿತವಲ್ಲ ಎಂದರು. ಆದರೆ ಅದು ತಪ್ಪು ಎಂದು ಅವರು ಹೇಳಲಿಲ್ಲ. ಗೊತ್ತಿಲ್ಲ ಎಂಬುದೂ ಒಂದು ಪ್ರಾಮಾಣಿಕ ಉತ್ತರ. ದುರದೃಷ್ಟವಶಾತ್, ಎರಡು ಪಕ್ಷಗಳಿಗೂ ಅದು ರುಚಿಸಲಿಲ್ಲ.

ಇದೇ ಬಗೆಯ ಅನುಭವ ಅದೇ ವರ್ಷದ ಇನ್ನೊಂದು ಹತ್ಯೆಯಲ್ಲೂ ಆಯಿತು. ಕೆನಡಿಯವರಿಗಿಂತ ಎರಡು ತಿಂಗಳು ಮೊದಲು, 1968ರ ಏಪ್ರಿಲ್ 4ರಂದು, ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತರಾದರು. ಸ್ಥಳದ ಸಮೀಪ ಸಿಕ್ಕ ರೈಫಲಿನ ಮೇಲೆ ಜೇಮ್ಸ್ ಅರ್ಲ್ ರೇ ಎಂಬಾತನ ಬೆರಳಚ್ಚುಗಳಿದ್ದವು. ಅವನು ತಪ್ಪೊಪ್ಪಿಕೊಂಡು, ಮೂರೇ ದಿನಗಳಲ್ಲಿ ಮಾತು ಬದಲಿಸಿದ. ಆ ರೈಫಲಿನಿಂದಲೇ ಕಿಂಗ್ ಅವರನ್ನು ಕೊಂದ ಗುಂಡು ಹೊರಟಿತೆಂದು ಎಫ್‌ಬಿಐಗಾಗಲಿ, ಎಪ್ಪತ್ತರ ದಶಕದ ಸಂಸತ್ ಸಮಿತಿಗಾಗಲಿ, 1997ರ ಹೊಸ ಪರೀಕ್ಷೆಗಾಗಲಿ ಖಚಿತವಾಗಿ ಹೇಳಲಾಗಲಿಲ್ಲ.

ವಿಜ್ಞಾನವೇ ತನ್ನ ಮಿತಿಯನ್ನು ಒಪ್ಪಿಕೊಳ್ಳುತ್ತಿರುವ ಕಾಲ ಇದು. ಗುಂಡು ಮತ್ತು ಬಂದೂಕಿನ ಹೋಲಿಕೆ ಬಹುಮಟ್ಟಿಗೆ ಪರೀಕ್ಷಕನ ಅನುಭವದ ಮೇಲೆ ನಿಂತಿದೆ, ಅದು ಎಷ್ಟು ಬಾರಿ ತಪ್ಪಾಗುತ್ತದೆಂಬ ಅಳತೆ ಸಾಲದು ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಮಂಡಳಿ 2009ರಲ್ಲಿ ಎಚ್ಚರಿಸಿತು. ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯೂ 2016ರಲ್ಲಿ ಇದೇ ಅರ್ಥದ ವರದಿ ಕೊಟ್ಟಿತು. 2023ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಇಂಥ ತಜ್ಞರು ಇದೇ ಬಂದೂಕು ಎಂದು ನಿಸ್ಸಂದೇಹವಾಗಿ ಸಾರುವುದಕ್ಕೆ ಮಿತಿ ಹಾಕಿತು.

ಧ್ವನಿಮುದ್ರಿಕೆ ಮತ್ತು ಹೊಸ ವಿವಾದ

ಎಲ್ಲವೂ ತಣ್ಣಗಾಯಿತು ಎನ್ನುವಾಗ ಹೊಸ ಸಾಕ್ಷ್ಯವೊಂದು ಕಾಣಿಸಿಕೊಂಡಿತು. ಸ್ಟಾನಿಸ್ಲಾವ್ ಪ್ರುಶಿನ್‌ಸ್ಕಿ ಎಂಬ ಪೋಲೆಂಡ್ ಮೂಲದ ಪತ್ರಕರ್ತನ ಟೇಪ್ ರೆಕಾರ್ಡರ್ ಆ ರಾತ್ರಿ ಅವನಿಗರಿವಿಲ್ಲದೆ ಚಾಲೂ ಇತ್ತು. ಗುಂಡುಗಳು ಹಾರಿದ ಸಮಯದ ಧ್ವನಿ ಅದರಲ್ಲಿ ದಾಖಲಾಗಿತ್ತು. 2004ರ ಬಳಿಕ ಇದರತ್ತ ಗಮನ ಹರಿಯಿತು. ಧ್ವನಿ ತಂತ್ರಜ್ಞ ಫಿಲಿಪ್ ವಾನ್ ಪ್ರಾಗ್ ಅದನ್ನು ಪರಿಶೀಲಿಸಿ, ಸುಮಾರು ಐದು ಸೆಕೆಂಡುಗಳಲ್ಲಿ 13 ಗುಂಡುಗಳ ಸದ್ದು ಇದೆ ಎಂದರು. ಎಂಟು ಗುಂಡಿನ ರಿವಾಲ್ವರಿನಿಂದ ಹದಿಮೂರು ಸದ್ದು ಬರಲಾರದು. ಆದರೆ ಅದೇ ಟೇಪನ್ನು ಕೇಳಿದ ಬೇರೆ ಪರಿಣತರು ಎಂಟಕ್ಕಿಂತ ಹೆಚ್ಚು ಸದ್ದುಗಳಿಲ್ಲ, ಉಳಿದದ್ದು ಪ್ರತಿಧ್ವನಿ ಹಾಗೂ ನೂಕುನುಗ್ಗಲಿನ ಗದ್ದಲ ಎಂದರು. ಮೈಕ್ರೊಫೋನ್ ಉಗ್ರಾಣದಿಂದ ದೂರವಿತ್ತು, ಮುದ್ರಣ ಮಂಕಾಗಿತ್ತು. ಸ್ಥಳದಲ್ಲೇ ಹೊಸದಾಗಿ ಧ್ವನಿ ಪರೀಕ್ಷೆ ಮಾಡೋಣವೆಂದರೆ ಹೋಟೆಲೇ ಇಲ್ಲ. 2006ರ ಹೊತ್ತಿಗೆ ಅದನ್ನು ಕೆಡವಲಾಯಿತು. ಈಗ ಆ ಜಾಗದಲ್ಲಿ ಕೆನಡಿಯವರ ಹೆಸರಿನ ಶಾಲೆಗಳಿವೆ.

ಕೆನಡಿಯವರ ಹಿಂದೆ ನಡೆಯುತ್ತಿದ್ದ ಖಾಸಗಿ ಕಾವಲುಗಾರನೊಬ್ಬನ ಮೇಲೆ ಹಲವರು ಬೊಟ್ಟು ಮಾಡಿದ್ದಾರೆ. ಅವನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಅವನ ಮೇಲೆ ಯಾವತ್ತೂ ಆರೋಪಪಟ್ಟಿ ದಾಖಲಾಗಲಿಲ್ಲ, ತಾನು ನಿರಪರಾಧಿ ಎನ್ನುತ್ತಲೇ ಅವನು ತೀರಿಕೊಂಡ. ಸಂಶಯವೊಂದನ್ನೇ ಆಧಾರ ಮಾಡಿಕೊಂಡು ಸತ್ತವನ ಮೇಲೆ ಕೊಲೆಯ ಕಳಂಕ ಹೊರಿಸುವುದು ಸುಳ್ಳುಸಾಕ್ಷಿಯ ಬಾಗಿಲವರೆಗೂ ಹೋದಂತೆ. ಎಂಟನೆಯ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಅನ್ವಯಿಸುವುದಲ್ಲ. ಫೋನಿನಲ್ಲಿ ಸಂದೇಶ ದಾಟಿಸುವವರಿಗೂ ಅದು ಅನ್ವಯಿಸುತ್ತದೆ.

ಸಂಶಯದ ಬೆಲೆ ತೆತ್ತವರು

ಇಷ್ಟು ವಿವರ ಬರೆದದ್ದು ಕುತೂಹಲಕ್ಕಲ್ಲ. ಈ ಮುಗಿಯದ ಸಂಶಯದ ಬೆಲೆಯನ್ನು ತೆತ್ತವರು ಜೀವಂತ ಮನುಷ್ಯರು.

ಸಿರ್ಹಾನನಿಗೆ 1969ರಲ್ಲಿ ಮರಣದಂಡನೆಯಾಯಿತು. ಆಗ ಹತನಾದವರ ಕಿರಿಯ ಸಹೋದರ ಎಡ್ವರ್ಡ್ ಕೆನಡಿ ಜಿಲ್ಲಾ ಸರಕಾರಿ ವಕೀಲರಿಗೆ ಕೈಬರಹದ ಪತ್ರ ಬರೆದು, ತನ್ನ ಅಣ್ಣನ ಸಾವಿಗಾಗಿ ಇನ್ನೊಂದು ಜೀವ ತೆಗೆಯುವುದು ಬೇಡವೆಂದು ಬೇಡಿಕೊಂಡರು. ಇಬ್ಬರು ಅಣ್ಣಂದಿರನ್ನು ಗುಂಡಿಗೆ ಕಳೆದುಕೊಂಡವರು ಹಾಗೆ ಬರೆದರು ಎಂಬುದನ್ನು ನಾವು ಮರೆಯಬಾರದು. ನ್ಯಾಯಾಲಯ ಆ ಮನವಿಗೆ ಮಣಿಯಲಿಲ್ಲ. ಆದರೆ 1972ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ರಾಜ್ಯದ ಮರಣದಂಡನೆಗಳನ್ನು ರದ್ದುಪಡಿಸಿದಾಗ ಅವನ ಶಿಕ್ಷೆ ಜೀವಾವಧಿಗೆ ಇಳಿಯಿತು. 1975ರಲ್ಲಿ ಏಳು ತಜ್ಞರು ಖಚಿತವಿಲ್ಲ ಎಂದಾಗ ಅವನು ಬದುಕಿದ್ದ. ಶಿಕ್ಷೆ ಜಾರಿಯಾಗಿದ್ದರೆ ಆ ಉತ್ತರ ಯಾರಿಗೆ ಬೇಕಾಗಿತ್ತು? ಮರಣದಂಡನೆಯನ್ನು ವಿರೋಧಿಸಲು ಧರ್ಮಸಭೆ ಕೊಡುವ ಕಾರಣಗಳ ಜೊತೆಗೆ ಈ ಲೌಕಿಕ ಕಾರಣವನ್ನೂ ಸೇರಿಸಬಹುದು. ಸಾಕ್ಷ್ಯವನ್ನು ಮತ್ತೆ ಪರೀಕ್ಷಿಸಬಹುದು, ತೆಗೆದ ಜೀವವನ್ನು ಮರಳಿಸಲಾಗದು.

ಪಾಲ್ ಶ್ರೇಡ್ ತಲೆಗೆ ಗುಂಡು ತಿಂದು ಬದುಕಿದವರು. ತನ್ನನ್ನು ಹೊಡೆದವನು ಸಿರ್ಹಾನ್ ಎಂದು ಅವರು ಎಂದೂ ಅಲ್ಲಗಳೆಯಲಿಲ್ಲ, ಆದರೆ ಕೆನಡಿಯವರನ್ನು ಕೊಂದ ಗುಂಡು ಅವನದಲ್ಲ ಎಂದು ಅವರು ದೃಢವಾಗಿ ನಂಬಿದ್ದರು. 2016ರಲ್ಲಿ ಪೆರೋಲ್ ಮಂಡಳಿಯ ಮುಂದೆ ಹಾಜರಾಗಿ ತನ್ನನ್ನು ಹೊಡೆದವನ ಪರವಾಗಿಯೇ ಮಾತಾಡಿದರು, ಇಷ್ಟು ತಡವಾಗಿ ಬಂದುದಕ್ಕೆ ಅವನ ಕ್ಷಮೆಯನ್ನೂ ಕೇಳಿದರು. 2022ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ, ಪ್ರಶ್ನೆಗೆ ಉತ್ತರ ಸಿಗದೆಯೇ, ಅವರು ನಿಧನರಾದರು.

ಕೆನಡಿ ಕುಟುಂಬವೂ ಒಡೆಯಿತು. 2021ರ ಆಗಸ್ಟಿನಲ್ಲಿ ಪೆರೋಲ್ ಮಂಡಳಿ ಸಿರ್ಹಾನನ ಬಿಡುಗಡೆಗೆ ಶಿಫಾರಸು ಮಾಡಿದಾಗ ಇಬ್ಬರು ಗಂಡುಮಕ್ಕಳು ಬೆಂಬಲಿಸಿದರು. ಪತ್ನಿ ಎಥೆಲ್ ಮತ್ತು ಆರು ಮಂದಿ ಮಕ್ಕಳು ವಿರೋಧಿಸಿದರು. ತಂದೆಯ ಕೊಲೆಯಲ್ಲಿ ಎರಡನೆಯ ಹಂತಕನಿದ್ದ ಎಂದು ಒಬ್ಬ ಮಗ ಬಹಿರಂಗವಾಗಿ ಹೇಳುತ್ತಾ ಬಂದರೆ, ಅದನ್ನು ಕೇಳಿದಾಗಲೆಲ್ಲ ಗಾಯ ಮತ್ತೆ ಬಿರಿಯುತ್ತದೆ ಎಂಬ ನೋವು ಇತರರದು. ಯಾರನ್ನೂ ನಾವು ದೂರಲಾರೆವು. ಮನೆಯೊಂದರಲ್ಲಿ ಅಕಾಲ ಮರಣವಾದಾಗ ಒಬ್ಬರು ಕಾರಣ ಹುಡುಕುತ್ತಾ ಹೊರಡುವುದು, ಇನ್ನೊಬ್ಬರು ಆ ಮಾತೇ ಬೇಡವೆನ್ನುವುದು ನಮ್ಮ ಧರ್ಮಕೇಂದ್ರಗಳಲ್ಲೂ ಕಂಡುಬರುವ ಸಂಗತಿ.

2022ರ ಜನವರಿಯಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಪೆರೋಲ್ ಶಿಫಾರಸನ್ನು ತಿರಸ್ಕರಿಸಿದರು. ಸಿರ್ಹಾನ್ ತನ್ನ ಅಪರಾಧದ ಪೂರ್ಣ ಹೊಣೆ ಹೊತ್ತಿಲ್ಲ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. 2023ರಲ್ಲಿ ಮಂಡಳಿಯೇ ಬಿಡುಗಡೆಯನ್ನು ನಿರಾಕರಿಸಿತು. ಗುಂಡು ಹಾರಿಸಿದ್ದು ನೆನಪಿಲ್ಲ ಎಂದು ಅವನು ಬಹಳ ವರ್ಷಗಳಿಂದ ಹೇಳುತ್ತಿದ್ದಾನೆ. ಅದು ನಿಜವೋ ನಟನೆಯೋ ದೇವರೇ ಬಲ್ಲ. ಆದರೆ ಇಕ್ಕಟ್ಟನ್ನು ಗಮನಿಸಿ: ಸಾಕ್ಷ್ಯವನ್ನು ಪ್ರಶ್ನಿಸಿದರೆ ಪಶ್ಚಾತ್ತಾಪವಿಲ್ಲ ಎನ್ನುತ್ತಾರೆ, ಪ್ರಶ್ನಿಸದಿದ್ದರೆ ಸಂಶಯ ಎಂದಿಗೂ ಪರಿಹಾರವಾಗುವುದಿಲ್ಲ. ಫೆಡರಲ್ ನ್ಯಾಯಾಲಯದಲ್ಲಿ ಅವನ ವಕೀಲರು ಧ್ವನಿಮುದ್ರಿಕೆಯ ವಾದ ಮಂಡಿಸಿದಾಗ, ಎರಡನೆಯ ಬಂದೂಕುಧಾರಿ ಇದ್ದಿದ್ದರೂ ಸಿರ್ಹಾನನ ಹೊಣೆ ತಪ್ಪದು ಎಂದು ಸರಕಾರ ಉತ್ತರಿಸಿತು. 2015ರಲ್ಲಿ ಆ ಅರ್ಜಿ ವಜಾ ಆಯಿತು. ಕಾನೂನಿನ ದೃಷ್ಟಿಯಿಂದ ಆ ಉತ್ತರ ಸರಿಯಿರಬಹುದು. ಕೊಂದವರು ಯಾರು ಎಂದು ಕೇಳುವವರಿಗೆ ಅದು ಉತ್ತರವಲ್ಲ.

ನಮ್ಮ ಅಭಿಪ್ರಾಯ

ಇಷ್ಟನ್ನು ತೂಗಿ ನೋಡಿದಾಗ ನಮಗೆ ಕಾಣುವುದು ಇದು. ಸಿರ್ಹಾನ್ ಕೊಲ್ಲುವ ಉದ್ದೇಶದಿಂದ ಗುಂಡು ಹಾರಿಸಿದ ಎಂಬುದು ಗಟ್ಟಿ ನೆಲ. ಎರಡನೆಯ ಬಂದೂಕು ಇತ್ತು ಎಂಬುದು ಯಾರೂ ಸಾಬೀತುಪಡಿಸದ ಊಹೆ. ಎರಡನೆಯ ಬಂದೂಕು ಇರಲಿಲ್ಲ ಎಂದು ಸಂಶಯಾತೀತವಾಗಿ ತೋರಿಸುವ ಅವಕಾಶವಿತ್ತು. ಆ ಅವಕಾಶವನ್ನು ಕಳೆದುಕೊಂಡವರು ಪಿತೂರಿಗಾರರಲ್ಲ, ಸಾಕ್ಷ್ಯವನ್ನು ಕಾಯಬೇಕಾಗಿದ್ದ ಕೈಗಳು. ಚೌಕಟ್ಟು ನಾಶಪಡಿಸಿದ್ದು, ಚಿತ್ರ ಸುಟ್ಟದ್ದು, ಲಕೋಟೆಯ ಮೇಲೆ ತಪ್ಪು ಸಂಖ್ಯೆ ಬರೆದದ್ದು, ಇವು ಉದ್ದೇಶಪೂರ್ವಕವಾಗಿ ನಡೆದವು ಎಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಅಪರಾಧಿ ಸಿಕ್ಕಿದ್ದಾನೆ, ಇನ್ನೇನು ಬೇಕು ಎಂಬ ಉದಾಸೀನವೇ ಇದಕ್ಕೆಲ್ಲ ಸಾಕು. ಉದಾಸೀನದಿಂದ ಆದ ಹಾನಿ ಒಳಸಂಚಿನಿಂದ ಆಗಬಹುದಾದ ಹಾನಿಗಿಂತ ಕಡಿಮೆಯೇನಲ್ಲ. ಒಂದು ದೇಶದ ಜನ ತಮ್ಮ ಪೊಲೀಸರನ್ನು, ನ್ಯಾಯಾಲಯವನ್ನು, ಪತ್ರಾಗಾರವನ್ನು ನಂಬದಂತಾದದ್ದು ಆ ಉದಾಸೀನದಿಂದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಎಪ್ಪತ್ತು ಮಂದಿಯ ಎದುರು ನಡೆದ ಕೊಲೆಯಾದರೂ ಪ್ರಮಾಣಿಸುವ ಕೆಲಸ ತಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ನಮ್ಮ ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನದ ಹಾಗೂ ವಿವಾಹದ ದಾಖಲೆ ಪುಸ್ತಕಗಳನ್ನು ಇಡುವವರಿಗೆ ಈ ಮಾತು ಬೇಗನೆ ಅರ್ಥವಾದೀತು. ಇಂದು ಅವಸರದಲ್ಲಿ ತಪ್ಪಾಗಿ ಬರೆದ ಒಂದು ದಿನಾಂಕಕ್ಕೆ ಐವತ್ತು ವರ್ಷಗಳ ಬಳಿಕ ಒಬ್ಬ ಮೊಮ್ಮಗ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಸತ್ಯವನ್ನು ಪ್ರೀತಿಸುವುದೆಂದರೆ ಅದನ್ನು ಜೋರಾಗಿ ಸಾರುವುದಷ್ಟೇ ಅಲ್ಲ, ಅದರ ಕಾಗದಪತ್ರಗಳನ್ನು ಜೋಪಾನವಾಗಿ ಇಡುವುದೂ ಹೌದು.

ಹ್ವಾನ್ ರೊಮೆರೊ 2018ರಲ್ಲಿ ನಿಧನರಾದರು. ಆ ಸಾವಿಗೆ ತಾನು ಕೈ ಕುಲುಕಲು ಮುಂದೆ ಹೋದದ್ದೂ ಕಾರಣವಾಯಿತೇ ಎಂಬ ಚಿಂತೆ ಬಹುಕಾಲ ಅವರನ್ನು ಕಾಡಿತ್ತು. ಎಷ್ಟು ಗುಂಡು, ಯಾರ ಬಂದೂಕು ಎಂಬ ವಾದಕ್ಕೆ ಅವರು ಹೆಚ್ಚೇನೂ ಸೇರಿಸಲಿಲ್ಲ. ಬಿದ್ದ ಮನುಷ್ಯನ ತಲೆ ತಣ್ಣನೆಯ ನೆಲಕ್ಕೆ ತಗಲದಿರಲಿ ಎಂದು ಕೈಯಿಟ್ಟರು, ಜಪಸರ ಕೊಟ್ಟರು. ಉತ್ತರ ಸಿಗದ ಪ್ರಶ್ನೆಗಳ ನಡುವೆ ನಮ್ಮಂಥ ಸಾಮಾನ್ಯರು ಮಾಡಬಹುದಾದದ್ದೂ ಅದೇ. ಗೊತ್ತಿರುವುದನ್ನು ಗೊತ್ತಿದೆ ಎನ್ನೋಣ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನೋಣ. ನೊಂದವರ ಪಕ್ಕದಲ್ಲಿ ನಿಲ್ಲಲು ಪೂರ್ಣ ತನಿಖಾ ವರದಿ ಕೈಗೆ ಬರಬೇಕೆಂದು ಕಾಯದಿರೋಣ.